ಬ್ಯಾನಿ ಇಲ್ಲದಾಕಿ

ತಾನು ತಂದ ತವರಿನ ಸೀರೆಯನ್ನು ಹೆಣಕ್ಕೆ ಹೊದಿಸಲು ಮಡಿಕೆ ಬಿಚ್ಚುತ್ತಿದ್ದ ಹೆಂಗಸರ ಕೈಯಿಂದ ರಾಮಲಿಂಗ ಅದನ್ನು ಕಸಿದು ಕಂಕುಳಲ್ಲಿ ಇರುಕಿಕೊಂಡ.

"ನಮ್ಮಕ್ಕ ಹೆಂಗ ಸತ್ಲು ಅನ್ನೂದು ಗೊತ್ತಾಗೂತನಕ ಇದನ್ನ ಹೊದಿಸೂದಿಲ್ಲ."

ಬಿಜ್ಜರಗಿಯ ಆ ಪಡಸಾಲೆಯಲ್ಲಿ ಅಳು ನಿಂತಿತು. ಸತ್ತ ಮಲಕವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ತವರಿನ ಸೀರೆ ಬೀಳದೆ ಹೆಣ ಹೊಸ್ತಿಲು ದಾಟುವಂತಿಲ್ಲ. ಸೊಸೆ ತಾಯವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ. ರಾಮಲಿಂಗ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡ.

"ಅತ್ತಿ ಕೈಗೆ ಸಿಗಬಾರದಂತ ಸೊಸಿ ಬೆಲ್ಲ ಮುಚ್ಚಿಡ್ತಿದ್ಲರಿ. ಸಾರಿಗೆ ಉಪ್ಪ ಸೈತ ಹಾಕ್ತಿರಲಿಲ್ಲ," ನೆರೆಯ ಕಾಶಿಬಾಯಿ ಅವನ ಕಿವಿಯ ಹತ್ತಿರ ಅಂದಳು. "ನಾ ಹೇಳೀನಿ ಅಂತ ಹೇಳಬ್ಯಾಡ್ರಿ ಮತ್ತ."

*

ಎಂಟು ದಿನದ ಹಿಂದೆ ಮಲಕವ್ವ ಬಬಲೇಶ್ವರದ ಸಂತೆಗೆ ಬಂದಿದ್ದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಆರಾಮಿಲ್ಲೇನಬೇ ಅಕ್ಕಾ?"

"ನನಗೇನ ಧಾಡಿ ಆಗೇತಿ? ಗುಂಡಕಲ್ಲ ಇದ್ದಂಗ ಅದೀನಿ."

"ಮತ್ತ ಈ ಉಸರು?"

"ದಮ್ಮು ನೀ ಹುಟ್ಟೂಕಿಂತ ಮದಲಿಂದು. ಕಣ್ಣ ಮಂಜಾಗಿದ್ದು ವಯಸ್ಸಿಂದು. ಬ್ಯಾನಿ ಅಂದ್ರ ಹಾಸಿಗಿ ಹಿಡಿಯೂದಲೇ ತಮ್ಮಾ. ನಾ ಇನ್ನೂ ಮನಿಮಂದಿಗೆಲ್ಲಾ ರೊಟ್ಟಿ ಬಡೀತೀನಿ."

ಬೆಲ್ಲವೂ ಅಳತೆಯಲ್ಲೇ ಸಿಗುತ್ತಿದ್ದ ಕಂಟ್ರೋಲಿನ ಆ ಕಾಲದಲ್ಲಿ ಹೇಗೋ ಹೊಂದಿಸಿದ ಬೆಲ್ಲದ ತುಂಡನ್ನು ಅವನು ಅವಳ ಕೈಗಿಟ್ಟ. ಅವಳು ಗಾಡಿಯ ಮರೆಗೆ ಸರಿದು ಅದನ್ನು ಅಲ್ಲೇ ತಿಂದು ಮುಗಿಸಿದಳು. ಮರೆ ಯಾಕೆಂದು ಅವನು ಕೇಳಲಿಲ್ಲ.

*

"ಬೆಲ್ಲ ಯಾಕ ಮುಚ್ಚಿಟ್ಟಿ?" ರಾಮಲಿಂಗ ತಾಯವ್ವನನ್ನು ಕೇಳಿದ.

"ವಿಜಾಪುರದ ಡಾಕ್ಟರು ಬ್ಯಾಡಂದಿದ್ರು, ಮಾವಾರ. ಉಚ್ಚಿಗೆ ಇರಿವಿ ಮುತ್ತತಿದ್ವು. ಉಪ್ಪ ತಿಂದ್ರ ಕಾಲು ಬಾಯ್ತಿದ್ವು. ವರ್ಷಾತು, ಮಲಗಿದ್ರ ಉಸರ ಸಿಗಲಾರದ ಹಿಂಗಽ ಗ್ವಾಡಿಗೆ ಕುಂತ ನಿದ್ದಿ ಮಾಡ್ತಿದ್ರು."

"ಸುಳ್ಳ ಹೇಳಬ್ಯಾಡ. ನನಗೇನೂ ಆಗಿಲ್ಲ ಅಂತ ತನ್ನ ಬಾಯಿಲೇ ಹೇಳ್ಯಾಳ."

"ನನಗೂ ಹಂಗಽ ಹೇಳ್ತಿದ್ರು. ಸುಳ್ಳ ಅಲ್ಲರಿ ಅದು, ಅವರಿಗೆ ಹಂಗಽ ಅನಸತಿತ್ತು. ನಿನ್ನಿ ಸಂಜಿಕೂ ರೊಟ್ಟಿ ಬಡದಾರ." ತಾಯವ್ವ ಕಂಬ ಬಿಟ್ಟು ಮುಂದೆ ಬಂದಳು. "ನನ್ನ ಮಾತ ನಂಬಬ್ಯಾಡ್ರಿ. ಕಾಲ ಮುಟ್ಟಿ ನೋಡ್ರಿ."

ರಾಮಲಿಂಗ ಕುಕ್ಕರುಗಾಲಲ್ಲಿ ಕುಳಿತು ಅಕ್ಕನ ಸೀರೆಯ ಅಂಚು ಸರಿಸಿದ. ಮೊಣಕಾಲಿನಿಂದ ಹಿಮ್ಮಡಿಯವರೆಗೂ ಒಂದೇ ದಪ್ಪ. ಕಾಲಿನ ಹರಡಿನ ಗಂಟು ಎಲ್ಲಿದೆಯೆಂದೇ ತಿಳಿಯದು. ಹೆಬ್ಬೆರಳಿನಿಂದ ಒತ್ತಿ ಬಿಟ್ಟ. ಗುಳಿ ಬಿತ್ತು. ತುಂಬೀತೆಂದು ಕಾದ.

ಹೊರಗಿನಿಂದ ಯಾರೋ, "ಹೊತ್ತಾತ್ರಿ," ಅಂದರು. ಕಂಕುಳೊಳಗಿನ ಸೀರೆಯನ್ನು ಯಾರು ಎಳೆದುಕೊಂಡರೆಂದು ಅವನು ತಿರುಗಿ ನೋಡಲಿಲ್ಲ. ಗುಳಿ ಹಾಗೆಯೇ ಇತ್ತು, ಅವನ ಹೆಬ್ಬೆರಳಿನ ಅಳತೆಯದು.