ಮೀನಿಗೆ ಬಿದ್ದ ಕಣ್ಣು

ನನ್ನ ಕಣ್ಣು ಕೆಟ್ಟದ್ದು ಎಂದು ಹಿನಕಲ್‌ನಲ್ಲಿ ಈಗಲೂ ಹೇಳುತ್ತಾರೆ. ಹೇಳಲಿ. ನಡೆದದ್ದೇನು ಎಂದು ನಾನೂ ಹೇಳುತ್ತೇನೆ.

ನನ್ನ ಗಂಡ ಸಿದ್ದರಾಜು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರು. ಅಲ್ಲಿನ ಪ್ರೊಫೆಸರೊಬ್ಬರು ಸಿಂಗಪುರದಿಂದ ಒಂದು ಜೊತೆ ಮೀನು ತಂದು ಸಾಕಿದ್ದರು. ಅವರಿಗೆ ವರ್ಗವಾದಾಗ ಮೀನು, ಗಾಜಿನ ತೊಟ್ಟಿ ಎರಡೂ ನಜರ್‌ಬಾದಿನ ನಮ್ಮ ವಠಾರದ ಮನೆಗೆ ಬಂದವು. ಡಿಸ್ಕಸ್ ಎಂದು ಅವಕ್ಕೆ ಹೆಸರು. ಅಂಗೈ ಅಗಲ, ರೊಟ್ಟಿ ತಟ್ಟಿದ ಹಾಗೆ ಗುಂಡಗೆ, ಚಪ್ಪಟೆ. ಕಂದು ಮೈಮೇಲೆ ನೀಲಿ ಗೀರು. ನೀರು ಸದಾ ಬೆಚ್ಚಗಿರಬೇಕು, ಅದಕ್ಕೆ ತೊಟ್ಟಿಯ ಮೇಲೆ ಬಲ್ಬು ಉರಿಯುತ್ತಿತ್ತು. ನಲ್ಲಿ ನೀರು ಆಗದು, ಮಳೆನೀರೇ ಬೇಕು. ತಿನ್ನಲು ಕುರಿಯ ಗುಂಡಿಗೆಯನ್ನು ಎಳ್ಳಿನಷ್ಟು ಸಣ್ಣಗೆ ಹೆಚ್ಚಿ ಹಾಕಬೇಕು. ಹೆಚ್ಚುತ್ತಿದ್ದವಳು ನಾನು. ಮಳೆ ಬಂದರೆ ಸೂರಿನ ಕೆಳಗೆ ಗುಡಾಣ ಎಳೆದಿಡುತ್ತಿದ್ದವಳೂ ನಾನು. ಬಂದವರ ಮುಂದೆ ಭಾಷಣ ಮಾಡುತ್ತಿದ್ದವರು ಮಾತ್ರ ಅವರು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಮೀನು ಮೊಟ್ಟೆಯಿಟ್ಟು ಮರಿಯಾದವು. ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಮರಿಗಳು ತಾಯಿಯ ಮೈಗೆ ಅಂಟಿಕೊಂಡು, ಮೈಮೇಲೆ ಬರುವ ಲೋಳೆಯನ್ನೇ ತಿನ್ನುತ್ತವೆ. ತಾಯಿಗೆ ಸಾಕಾದರೆ ಮೈ ಕೊಡವುತ್ತದೆ. ಮರಿಗಳೆಲ್ಲ ಗುಂಪಾಗಿ ತಂದೆಯ ಮೈಗೆ ಹೋಗುತ್ತವೆ.

"ಈ ಗಂಡಿಗಿರೋ ಬುದ್ಧಿ ನಿಮಗಿಲ್ವಲ್ರೀ" ಎಂದೆ. ಅವರು ನಕ್ಕರು. ಅತ್ತೆ ನಗಲಿಲ್ಲ.

"ಮಂಗಳಾ, ಅತ್ಲಾಗೆ ಹೋಗು ನೀನು. ಎಳೇವ್ನ ಅಂಗೆ ಕಣ್ಣು ಬುಟ್ಕೊಂಡು ನೋಡಬಾರ್ದು."

"ಮೀನಿಗೂ ಬಾಣಂತನವಾ ಅತ್ತೆ?"

"ಯಾವುದಾದ್ರೇನು? ಎಳೇದು ಎಳೇದೇ. ಕಂಡೋರ ಹೊಟ್ಟೆ ಉರಿ ತಾಗ್ತದೆ."

ಕಂಡೋರು ಎಂದರೆ ನಾನು. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ನನ್ನ ಗಂಡ ಹೋಗಿ ತೊಟ್ಟಿಯ ಮೇಲೆ ದುಪ್ಪಟಿ ಹೊದಿಸಿ ಬಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗಿದ್ದು ನಾದಿನಿ ಪಂಕಜಳಿಗಾಗಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಇನ್ನೂ ತೊದಲು ಮಾತಿನ ಕೂಸು. ಎಣ್ಣೆ ಹಚ್ಚಿ ಎರೆದು, ಜಡೆ ಹೆಣೆದು ಬೆಳೆಸಿದವಳು ನಾನು. ಈಗ ಗಂಡನ ಮನೆ ಕೆಸರೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ಮಗುವಿಗೆ ಮೊದಲ ನೀರು ನನ್ನ ಕೈಯಲ್ಲೇ ಎರೆಯಬೇಕು ಎಂಬುದೊಂದೇ ನನ್ನ ಆಸೆ. ಹಿಂದಿನ ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದೆ.

ನೀರು ತುಂಬುವ ಹಬ್ಬದ ಸಂಜೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಹೊಸದರ ಹಾಗೆ ಕೆಂಪಗೆ ಹೊಳೆಯಿತು. ಕುತ್ತಿಗೆಗೆ ಹೂ ಸುತ್ತಿ, ನೀರು ತುಂಬಿ, ಪೂಜೆ ಮಾಡಿದೆವು. ನಸುಕಿನಲ್ಲಿ ಎದ್ದು ಉರಿ ಹಾಕಿ, ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆಗ ಕರೆಂಟು ಹೋಯಿತು. ಬಲ್ಬು ಆರಿತು, ತೊಟ್ಟಿ ತಣ್ಣಗಾಗತೊಡಗಿತು. ನನ್ನ ಗಂಡ ಚೊಂಬು ಹಿಡಿದು ಬಚ್ಚಲಿಗೆ ನುಗ್ಗಿದರು.

"ಹಬ್ಬದ ನೀರು ಕಣ್ರೀ, ಮೊದಲು ಅತ್ತೆ ತಲೆ ಮೇಲೆ ಬೀಳ್ಲಿ. ಗುಡಾಣದ ನೀರನ್ನೇ ಒಲೆ ಮೇಲೆ ಕಾಯಿಸಿಕೊಡ್ತೀನಿ."

"ಅಷ್ಟೊತ್ಗೆ ಸತ್ತೋಯ್ತವೆ. ನಿಂಗೇನ್ ಗೊತ್ತು, ಸುಮ್ಕಿರು."

ಹಂಡೆಯಿಂದ ಬಿಸಿನೀರು ಮೊಗೆಮೊಗೆದು ತೊಟ್ಟಿಗೆ ಸುರಿದರು.

ಮಧ್ಯಾಹ್ನ ಹೇಗಿವೆಯೋ ನೋಡೋಣ ಎಂದು ದುಪ್ಪಟಿ ಎತ್ತಿದವಳು ನಾನು. ಮರಿಗಳೆಲ್ಲ ಬೂದಿ ಉದುರಿದ ಹಾಗೆ ತಳದಲ್ಲಿ ಬಿದ್ದಿದ್ದವು. ದೊಡ್ಡವೆರಡೂ ಮೈ ಕಪ್ಪಾಗಿ ಮೂಲೆಯಲ್ಲಿ ವಾಲಿದ್ದವು. ಕೂಗಿಕೊಂಡೆ. ಸಂಜೆಗೆ ಅವೂ ಹೋದವು.

"ನಾನು ಬಡ್ಕಂಡೆ! ಇವಳೇ ಎತ್ತಿ ನೋಡುದ್ಲು" ಎಂದರು ಅತ್ತೆ.

ನನ್ನ ಗಂಡ ವಠಾರದ ಅಂಗಳದಲ್ಲಿ ನಿಂತು, ಎಲ್ಲ ಬಾಗಿಲುಗಳಿಗೂ ಕೇಳುವ ಹಾಗೆ, "ಮೀನಿನ ಮರೀನೂ ಸಹಿಸಲ್ವಲ್ಲೇ ನಿನ್ನ ಹಾಳು ಕಣ್ಣು!" ಎಂದರು.

ಮರುದಿನವೇ ಅತ್ತೆ ಪಂಕಜಳನ್ನು ಕರೆದುಕೊಂಡು ಹಿನಕಲ್‌ನಲ್ಲಿರುವ ಹಿರಿಯ ಮಗ ಮಹದೇವಯ್ಯನ ಮನೆಗೆ ಹೊರಟರು. ಪಂಕಜ ಜಟಕಾ ಹತ್ತುವಾಗ ನನ್ನ ಕೈ ಹಿಡಿದು, "ಅಮ್ಮನ ಕ್ವಾಪ ಇಳೀಲಿ ಅತ್ತಿಗೆ, ಬಂದ್ಬುಡ್ತೀನಿ" ಎಂದಳು.

ಆ ವಾರವೇ ಲ್ಯಾಬಿನ ಮೇಷ್ಟ್ರು ರಾಮಸ್ವಾಮಿ ವಿಷಯ ಕೇಳಿ ಮನೆಗೆ ಬಂದರು. ತೊಟ್ಟಿ ನೋಡಿದರು, ನೀರು ಎಲ್ಲಿಂದ ಹಾಕಿದಿರಿ ಎಂದು ಕೇಳಿ ಬಚ್ಚಲಿಗೂ ಹೋಗಿ ನೋಡಿದರು.

"ಏನ್ರೀ ಸಿದ್ದರಾಜು, ಹುಳಿ ಹಾಕಿ ಉಜ್ಜಿದ ತಾಮ್ರ, ರಾತ್ರಿಯೆಲ್ಲಾ ನೀರು ನಿಂತಿದೆ, ಅದರ ಮೇಲೆ ಕಾದೂ ಇದೆ. ತಾಮ್ರ ನೀರಿಗೆ ಬಿಟ್ಕೊಳ್ಳತ್ತೆ. ನಾವು ಸ್ನಾನ ಮಾಡಿದ್ರೆ ಏನೂ ಆಗಲ್ಲ, ಮೀನಿಗೆ ಅದು ವಿಷ ಕಣ್ರೀ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಅವರು ಹೋದ ಮೇಲೆ, "ಕೇಳಿಸ್ತಾ? ಹೋಗಿ ಅತ್ತೆಗೆ ಹೇಳಿ. ಪಂಕಜನ್ನ ಕರ್ಕೊಂಡು ಬನ್ನಿ" ಎಂದೆ.

"ಹೇಳ್ತೀನಿ ಕಣೆ."

ಹಿನಕಲ್‌ಗೆ ಹೋದರು. ಊಟ ಮಾಡಿಕೊಂಡು ಬಂದರು.

"ಹೇಳುದ್ರಾ?"

"ಎಲ್ಲಾ ಇದ್ರು. ಸಮಯ ಸಿಗ್ಲಿಲ್ಲ."

ನನ್ನನ್ನು ಬೈಯಲು ಇಡೀ ವಠಾರದ ಮುಂದೆ ಸಮಯ ಸಿಕ್ಕಿತ್ತು! ಆಮೇಲೂ ಎಷ್ಟೋ ಸಲ ಹೋದರು, ಒಂದು ಸಲವೂ ಸಮಯ ಸಿಗಲಿಲ್ಲ. ಪಂಕಜಳಿಗೆ ಅಲ್ಲೇ ಹೆಣ್ಣುಮಗುವಾಯಿತು. ನೀರೆರೆದವಳು ಯಾರೋ ಕೂಲಿ ಹೆಂಗಸು.

ತೊಟ್ಟಿಲು ಶಾಸ್ತ್ರಕ್ಕೆ ನನ್ನನ್ನು ಕರೆಯಲಿಲ್ಲ. ನನ್ನ ಗಂಡ ಒಗೆದ ಪಂಚೆಯುಟ್ಟು, ನನಗೆ ಹೇಳದೆ ಹೊರಟರು. ನಾನು ಮುಂದಿನ ಬಸ್ಸು ಹತ್ತಿದೆ.

ನಡುಮನೆಯಲ್ಲಿ ಪಂಕಜ ಮಗುವನ್ನು ಎತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡು ಹೆಂಗಸರ ಹಾಡು ನಿಂತಿತು. ನಾನು ಮಗುವಿನ ಹತ್ತಿರ ಹೋಗಲಿಲ್ಲ. ನೇರ ಗಂಡನ ಮುಂದೆ ನಿಂತೆ.

"ರಾಮಸ್ವಾಮಿ ಮೇಷ್ಟ್ರು ಏನು ಹೇಳುದ್ರು ಅಂತ ಎಲ್ಲರ ಮುಂದೆ ಹೇಳಿ. ಈಗ ಎಲ್ಲಾ ಇದಾರೆ. ಸಮಯಾನೂ ಇದೆ."

ಅವರು ಅತ್ತೆಯ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಶಲ್ಯ ಸರಿಮಾಡಿಕೊಂಡರು.

"ಅವರೇನೋ ತಾಮ್ರ ಅಂದ್ರು. ತಾಮ್ರಾನೋ, ಕಣ್ಣೋ... ಯಾರಿಗ್ ಗೊತ್ತು?"

ಪಂಕಜ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಕೇಳಿ ತಲೆ ತಗ್ಗಿಸಿದಳು. ಆಮೇಲೆ ಮಗುವಿನ ಮುಖದ ಮೇಲೆ ಸೆರಗು ಎಳೆದಳು. ಅತ್ತೆ ಎಳೆಯಲಿಲ್ಲ. ಅವಳೇ ಎಳೆದಳು.

ನಾನು ಅತ್ತು ಓಡಿಹೋಗುತ್ತೇನೆ ಎಂದುಕೊಂಡಿದ್ದರೇನೋ. ಹೋಗಲಿಲ್ಲ. ಊಟಕ್ಕೆ ಎಲೆ ಹಾಕಿದ್ದರು, ಮೊದಲ ಪಂಕ್ತಿಯಲ್ಲೇ ಕೂತೆ. ಪಾಯಸವನ್ನು ಕೇಳಿ ಇನ್ನೊಂದು ಸಲ ಹಾಕಿಸಿಕೊಂಡೆ. ನನ್ನ ಆಚೀಚೆಯ ಎಲೆಗಳ ಮುಂದೆ ಕಡೆಯವರೆಗೂ ಯಾರೂ ಕೂರಲಿಲ್ಲ.