ಬೆನ್ನು ತೋರಿಸಿ ನಿಂತವನು

ಚಿತ್ರ ಕಲಿಸುವ ಟೀಚರಿಗೆ ಮುಖವೆಂದರೆ ಆಗದು. ಹೊಸಬರು ಯಾರೇ ಬರಲಿ, ಮೊದಲ ಪಾಠ ಅದೇ: "ಕಣ್ಣು ಮೂಗು ಬರೆಯೋಕೆ ಹೋಗಿ ಕೈ ಸುಟ್ಕೋಬೇಡಿ. ತಲೆಗೊಂದು ಚುಕ್ಕೆ, ಮೈಗೆ ಒಂದೇ ಎಳೆತ, ಕಾಲಿಗೆ ಎರಡು ಗೆರೆ. ಬೆನ್ನು ಕಾಣೋ ಹಾಗೆ ನಿಲ್ಲಿಸಿ. ನಿಮ್ಮನೆಯವರು ಹೇಗೆ ನಿಲ್ತಾರೋ ಹಾಗೆ ಬಂದ್ರೆ ಸಾಕು, ಯಾರು ಅಂತ ತಾನಾಗೇ ಗೊತ್ತಾಗುತ್ತೆ."

ಆ ದಿನ ಹೊಸದಾಗಿ ಸೇರಿದವಳು ಊರಿನ ಆಚೆ ತುದಿಯಲ್ಲಿ ಬಟ್ಟೆ ಹೊಲಿಯುವಾಕೆ, ಮಾತಿನ ಮಲ್ಲಿ. "ನಮ್ಮೆಜಮಾನ್ರಿಗೆ ಹೇಳಿಲ್ಲ ಮೇಡಂ. ಈ ಕಡೆ ಹೋಗ್ತೀನಿ ಅಂದ್ರೇನೇ ಸಿಡಿಮಿಡಿ ಅಂತಾರೆ. ಪಾಪ, ಸುತ್ತಾಟದ ಕೆಲಸ, ಅರ್ಧ ವಾರ ಮನೇಲೇ ಇರಲ್ಲ."

"ನಮ್ಮನೆಯವ್ರದ್ದೂ ಅದೇ ಗೋಳು," ಎಂದು ಟೀಚರ್ ನಕ್ಕಳು. ಔಷಧಿ ಕಂಪನಿಯ ಗಂಡ ಊರೂರು ಅಲೆಯುತ್ತಾನೆಂದು ಅವಳಿಗೆ ಎಷ್ಟೊಂದು ಕನಿಕರ! ಒಂದು ದಿನವೂ ಅನುಮಾನ ಪಟ್ಟವಳಲ್ಲ. ಅಂಗಿ ಮಡಚಿ ಬ್ಯಾಗು ತುಂಬಿ ಕಳಿಸುತ್ತಿದ್ದವಳೂ ಅವಳೇ.

ಹೊಲಿಗೆಯಾಕೆ ತುಟಿ ಕಚ್ಚಿಕೊಂಡು ಬರೆದಳು. ಒಂದು ಒಲೆ, ಅದರ ಮುಂದೊಬ್ಬ ಗಂಡಸು. "ಹಾಲು ಉಕ್ಕೋದನ್ನ ಕಾಯ್ತಿದ್ದಾರೆ. ಕಾಲು ಸೊಟ್ಟಗಾಯ್ತಾ ಮೇಡಂ?"

ಟೀಚರ್ ಬಗ್ಗಿ ನೋಡಿದಳು. ಆ ಗಂಡಸು ಒಂಟಿ ಕಾಲ ಮೇಲೆ ನಿಂತು, ಇನ್ನೊಂದು ಪಾದದಿಂದ ಮೀನಖಂಡ ಉಜ್ಜಿಕೊಳ್ಳುತ್ತಿದ್ದ. ಎಡಭುಜ ಇಳಿದಿತ್ತು. ತಲೆ ಬಲಕ್ಕೆ ವಾಲಿತ್ತು. ಛೇ, ಒಂಟಿ ಕಾಲಲ್ಲಿ ನಿಲ್ಲುವ ಗಂಡಸು ಲೋಕಕ್ಕೆಲ್ಲ ಒಬ್ಬನೇ ಏನು ಎಂದು ತನ್ನನ್ನೇ ಗದರಿಕೊಂಡಳು. ಆದರೆ ಗಂಡ ಮನೆಯಲ್ಲಿದ್ದಾಗೆಲ್ಲ ತನ್ನ ಅಡುಗೆಮನೆಯಲ್ಲಿ ನೋಡುವ ಬೆನ್ನು ಅವಳಿಗೆ ತಿಳಿಯದೇ? ಊರೂರು ಅಲೆಯುವುದಂತೆ, ಕರ್ಮ! ಇದೇ ಊರಿನ ಆಚೆ ತುದಿಯಲ್ಲಿ ಹಾಲು ಕಾಯಿಸುತ್ತಿದ್ದಾನೆ ಮಹಾನುಭಾವ. ಬ್ಯಾಗು ತುಂಬಿ ಕಳಿಸಿದ ತನ್ನ ಕೈಗಳ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು.

ಖಚಿತ ಮಾಡಿಕೊಳ್ಳದೆ ಉಸಿರಾಡುವಂತಿರಲಿಲ್ಲ. "ಕಾಲು ಸರಿಯಾಗೇ ಇದೆ. ಕೈ ಬಿಟ್ಟಿದ್ದೀರಿ," ಎಂದು ಕುಂಚ ತೆಗೆದುಕೊಂಡಳು. ಬಲಗೈಯನ್ನು ಮಡಚಿ ಬೆನ್ನ ಹಿಂದಕ್ಕೆ ತಂದು, ಆ ಕೈಗೊಂದು ಸೌಟು ಕೊಟ್ಟಳು. ಸೌಟಿನ ಹಿಡಿ ಅವನ ಬೆನ್ನು ಕೆರೆಯುತ್ತಿತ್ತು.

ಹೊಲಿಗೆಯಾಕೆ ಪಕಪಕನೆ ನಕ್ಕಳು. "ಅಯ್ಯೋ, ಥೇಟ್ ಅವ್ರೇ! ಈ ಸೌಟಿನ ಚಾಳಿಗೆ ದಿನಾ ಬೈತೀನಿ ಮೇಡಂ..."

ನಗು ಅರ್ಧಕ್ಕೇ ನಿಂತಿತು. ಚಿತ್ರವನ್ನು ನೋಡಿದಳು, ಟೀಚರನ್ನು ನೋಡಿದಳು.

"ನಾನೂ ಬೈತೀನಿ," ಎಂದಳು ಟೀಚರ್.