ಕಿರಿದಾದ ಕಡೆ ದಾಟಿದವರು

ಕೋರಾ ವಿನ್‌ಸ್ಲೋ ಪಾಠ ಶುರು ಮಾಡುವ ಮೊದಲೇ ಹೆಡ್‌ಮಾಸ್ಟರ್ ಪ್ರಾಟ್ ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತಾಗಿತ್ತು. ಎರಡು ವಾರದಿಂದ ಅವಳು ಇತಿಹಾಸದ ಪಠ್ಯಪುಸ್ತಕ ಮುಚ್ಚಿಟ್ಟು ಹಳೆಯ ಡೈರಿ, ಪತ್ರಗಳ ನಕಲು ಹಂಚುತ್ತಿದ್ದಳು. ಮಕ್ಕಳು ತುಟಿ ಬಿಚ್ಚಿರಲಿಲ್ಲ. ಇವತ್ತೂ ಹಾಗೇ ಆದರೆ ನಕಲುಗಳು ಅಟ್ಟ ಸೇರಬೇಕು, ಪುಸ್ತಕ ಮರಳಬೇಕು. ಪ್ರಾಟ್ ನಿನ್ನೆಯೇ ಹೇಳಿದ್ದರು.

ಅಮೆರಿಕದ ಪಶ್ಚಿಮಕ್ಕೆ ಬಂಡಿ ಕಟ್ಟಿಕೊಂಡು ವಲಸೆ ಹೊರಟ ಬಿಳಿಯರೊಬ್ಬರ ಡೈರಿಯಿಂದ ಅವಳು ಓದಿದಳು: "ಆಗಸ್ಟ್ 1851. ಸ್ನೇಕ್ ನದಿಯನ್ನು ಅತಿ ಕಿರಿದಾದ ಕಡೆ ದಾಟಲು ಹೊರಟೆವು. ದಂಡೆಯ ಇಂಡಿಯನ್ ಹೆಂಗಸರು ಕೈ ಬೀಸಿ ಕಿರುಚಿದರು. ಬಂದೂಕು ಹಿಡಿದೆವು. ಬಂಡಿ ಮುಳುಗಿತು."

"ಯಾಕೆ ಕಿರುಚಿದ್ರು?" ಕೋರಾ ಕೇಳಿದಳು.

ಕೊನೆಗೆ ಕೋಡಿ ಎಂಬ ಹುಡುಗ ಆಕಳಿಸುತ್ತ, "ದಾಳಿ ಮಾಡೋಕೆ, ಮಿಸ್" ಅಂದ.

ಕಿಟಕಿ ಪಕ್ಕದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾರ್ಲಾ! ಅಲ್ಲಿನ ಮೂಲನಿವಾಸಿಗಳಾದ ಶೋಶೋನಿ ಇಂಡಿಯನ್ನರ ಈ ಹುಡುಗಿ ಹಾಜರಿಗೂ ಬರೀ ತಲೆಯಾಡಿಸುತ್ತಿದ್ದವಳು.

"ದಾಳಿನೂ ಇಲ್ಲ, ಗೀಳಿನೂ ಇಲ್ಲ. 'ಅಯ್ಯೋ, ಅಲ್ಲಿ ಇಳೀಬೇಡ್ರೋ' ಅಂತಿದ್ರು. ಕಿರಿದಾಗಿರೋ ಕಡೆ ನದಿ ಆಳ. ಅಗಲ ಇರೋ ಕಡೆ ಮೊಣಕಾಲುದ್ದ. ನಮ್ಮಜ್ಜಿ ಈಗ್ಲೂ ದಂಡೇಲಿ ನಿಂತು, ನದಿ ದಾಟೋ ಗಾಡಿಯವ್ರಿಗೆ ಹಂಗೇ ಕೂಗ್ತಾಳೆ. ಯಾರೂ ಕೇಳಲ್ಲ."

"ಹೌದು! ನಮ್ಮಪ್ಪಂಗೂ ಕೂಗಿದ್ರು," ಕೋಡಿ ನೆಟ್ಟಗಾದ.

"ನಿಲ್ಸಿದ್ರಾ?" ಡಾರ್ಲಾ ಕೇಳಿದಳು.

"ಎಲ್ಲಿ! ಗಾಡಿ ಮುಳುಗ್ತು, ಟ್ರ್ಯಾಕ್ಟರ್ ತರಿಸಿ ಎಳೆಸಿದ್ವಿ. ಆ ಕಾಲದವ್ರಿಗೆ ಟ್ರ್ಯಾಕ್ಟರೂ ಇರ್ಲಿಲ್ಲ, ಪಾಪ!"

ಕ್ಲಾಸು ಗೊಳ್ಳೆಂದಿತು. ಒಬ್ಬ ಬೋರ್ಡಿಗೆ ಓಡಿ ನದಿ ಬರೆದ. "ಅದು ನದಿಯೇನೋ, ಹಾವು ಅನ್ಕೊಂಡೆ," ಎನ್ನುತ್ತ ಡಾರ್ಲಾ ಸೀಮೆಸುಣ್ಣ ಕಿತ್ತುಕೊಂಡು ತಿದ್ದಿದಳು. ಹಾಗಾದರೆ ಬಂಡಿಯನ್ನು ಎತ್ತಿದವರು ಯಾರು ಎಂದು ನಾಲ್ಕು ಕಡೆಯಿಂದ ಪ್ರಶ್ನೆ ಎದ್ದಿತು. ಕೋರಾ ಈ ಪ್ರಶ್ನೆಗೆಂದೇ ಮುಚ್ಚಿಟ್ಟಿದ್ದ ಎರಡನೆಯ ಹಾಳೆ ಹಂಚಿದಳು.

ಡಾರ್ಲಾ ಗಟ್ಟಿಯಾಗಿ ಓದಿದಳು: "ಆ ಹೆಂಗಸರೇ ಹಗ್ಗ ತಂದು ಎಳೆದರು. ಅಂಗಿ ಕೊಟ್ಟೆವು, ಮೀನು ಕೊಟ್ಟರು. ನಮ್ಮನ್ನು ನೋಡಿ ತುಂಬ ಹೊತ್ತು ನಕ್ಕರು."

"ಅಜ್ಜಿನೂ ಹಿಂಗೇ ನಗೋದು," ಅಂದಳು.

ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಪ್ರಾಟ್ ಅವರದು.

"ಮಿಸ್, ನಾನೂ ಒಂದ್ ಮಾತು ಹೇಳ್ಲಾ? ಹೋದ ವರ್ಷ ದಂಡೆ ಮೇಲೆ ಒಬ್ಬ ಅಜ್ಜಿ ನಂಗೆ ಕೈ ಬೀಸಿದ್ರು. ನಾನೂ ಕೈ ಬೀಸಿ, ನಮಸ್ಕಾರ ಹೇಳಿ, ಗಾಡಿನ ಸೀದಾ ನೀರಿಗೆ ಇಳಿಸ್ಬಿಟ್ಟೆ."

ನಗೆಯ ಗದ್ದಲದಲ್ಲಿ ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಪ್ರಾಟ್ ಹೋಗುವಾಗ ಬಾಗಿಲಲ್ಲಿ ನಿಂತರು.

"ಮುಂದಿನ ವಾರದ ಡೈರಿ ಹಾಳೆ ನಂಗೂ ಒಂದಿರ್ಲಿ. ಮತ್ತೆ ಡಾರ್ಲಾ, ನಿಮ್ಮಜ್ಜಿ ಕ್ಲಾಸಿಗೆ ಬರ್ತಾರಾ, ಕೇಳಮ್ಮ."